ಟ್ರಂಕ್ ಕಾಲಿನಲ್ಲಿ ಎಲ್ಲರೂ ಆರಾಮ

ರೋಗಕ್ಕೆ ಮದ್ದಿದೆ, ಮರ್ಯಾದೆಗೆ ಮದ್ದಿಲ್ಲ. ಶಹಾಬಾದಿನ ವೃದ್ಧಾಶ್ರಮದ ಮ್ಯಾನೇಜರಿಕೆ ನನಗೆ ಕಲಿಸಿದ ವೇದಾಂತ ಇಷ್ಟೇ. ನಮ್ಮ ಕಡೆ ಯಾರಾದರೂ ‘ಹೆಂಗದೀರಿ’ ಎಂದರೆ ‘ಆರಾಮ’ ಎನ್ನಬೇಕು. ಕಾಲು ಮುರಿದು ಬಿದ್ದಿದ್ದರೂ ಎನ್ನಬೇಕು. ನನ್ನ ಸೋದರಮಾವನಂತೂ ಚೇಳು ಕುಟುಕಿದ ಹೊತ್ತಿನಲ್ಲಿ ಬಂದ ಬೀಗರಿಗೆ ಹಾಗೆಯೇ ಹೇಳಿ, ಚಹಾ ಕುಡಿಸಿ, ಅವರು ಹೊಸ್ತಿಲು ದಾಟಿದ ಮೇಲೆ ಬೊಬ್ಬೆ ಹೊಡೆದ.

ಆಶ್ರಮಕ್ಕೆ ಡಾಕ್ಟರರಿರಲಿಲ್ಲ. ಗುಲಬರ್ಗಾದ ಒಬ್ಬ ಪುಣ್ಯಾತ್ಮರು ವಾರಕ್ಕೊಮ್ಮೆ ಟ್ರಂಕ್ ಕಾಲಿನಲ್ಲೇ ಮುದುಕರನ್ನು ವಿಚಾರಿಸಿ ಗುಳಿಗೆ ಹೇಳುತ್ತಿದ್ದರು. ಮಾತಿಗೆ ಸಿಗುವುದು ಮೂರೇ ನಿಮಿಷ. ಅದರಲ್ಲೂ ರೋಗಿಯ ಬಾಯಿಂದಲೇ ಕೇಳಬೇಕೆಂಬುದು ಅವರ ಹಟ. ಆ ವಾರ ಕೊಡ್ಲಿ ಊರಿನ ಶರಣಪ್ಪಜ್ಜನಿಗೆ ಕಾಲು ಬಾತಿತ್ತು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೊರಗಿ ಕೂತೇ ತೂಕಡಿಸುತ್ತಿದ್ದ. ದವಾಖಾನೆಗೆ ಹೋಗೋಣವೆಂದರೆ, “ಡಾಕ್ಟರ್ ಹೇಳ್ಲಿ, ಬರ್ತೀನಿ” ಎನ್ನುತ್ತಿದ್ದ. ಹೇಳಿಸೋಣವೆಂದು ಫೋನನ್ನು ಅವನ ಕೈಗೇ ಕೊಟ್ಟೆ.

“ಆರಾಮ ಅದೀನ್ರಿ ಸಾಹೇಬ್ರ” ಎಂದು ಶುರುವಾಯಿತು. “ನೀವು ಆರಾಮ? ಮನ್ಯಾಗ ಎಲ್ಲಾರೂ? ಮಕ್ಕಳು ಸಾಲಿಗಿ ಹೋಗ್ಲಿಕತ್ತಾರೇನ್ರಿ? ನಿಮ್ಮ ಕಡಿ ಮಳಿ ಹೆಂಗದ?” ಡಾಕ್ಟರರ ಮನೆಯ ಎಮ್ಮೆಯ ತನಕ ವಿಚಾರಣೆ ಮುಟ್ಟುವಷ್ಟರಲ್ಲಿ ಲೈನು ಕಟ್ಟಾಯಿತು. ಹಳೇ ಗುಳಿಗೆಯೇ ಖಾಯಮ್ಮಾಯಿತು.

“ಅಜ್ಜಾ, ಉಸಿರು ಕಟ್ಟೋದು ಯಾಕ ಹೇಳ್ಲಿಲ್ಲ?”

“ಅಷ್ಟು ದೂರದಿಂದ ಮಾತಾಡ್ಸಿದವರ ಮುಂದ ನಮ್ಮ ಗೋಳು ಹೇಳ್ಕೋತ ಕುಂತ್ರ ಛಲೋ ಕಾಣ್ತದೇನ್ರಿ? ಅವರೂ ಏನೂ ಅನ್ನಲಿಲ್ಲ. ಇನ್ನ ದವಾಖಾನಿ ಯಾಕ?”

ಹಣೆ ಹಣೆ ಬಡಿದುಕೊಂಡೆ. ಸಿಟ್ಟಿಗಿಂತ ಹೆಚ್ಚು ಹೆದರಿಕೆಯಾಯಿತು. ಈ ಮನುಷ್ಯ ಮರ್ಯಾದೆ ಬಿಡದೆಯೇ ಸತ್ತುಹೋಗುತ್ತಾನೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಎಕ್ಸ್‌ಚೇಂಜಿಗೆ ಹೇಳಿ ಅರ್ಜೆಂಟ್ ಕಾಲ್ ಬುಕ್ ಮಾಡಿದೆ. ಈ ಸಲ ಮಾತು ನನ್ನದೇ ಎಂದು ಅಜ್ಜನಿಗೆ ಖಡಾಖಂಡಿತ ಹೇಳಿ ಪಕ್ಕದಲ್ಲಿ ಕೂರಿಸಿಕೊಂಡೆ. ಬಾವು, ಉಸಿರು, ನಿದ್ದೆ ಎಲ್ಲವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಆ ಅರ್ಜೆಂಟ್ ಕಾಲು ಸಿಕ್ಕಿದ್ದು ಸಂಜೆಗೆ.

“ಮ್ಯಾನೇಜರ್ ಸಾಹೇಬ್ರೇನ್ರಿ? ಎಲ್ಲಾ ಆರಾಮ?” ಎಂದರು ಡಾಕ್ಟರು.

“ಆರಾಮ್ರಿ. ನೀವು ಆರಾಮ? ಮನ್ಯಾಗ?” ಎಂದಿತು ನನ್ನ ಬಾಯಿ.

“ಎಲ್ಲಾ ಆರಾಮ. ಛಲೋ ಆಯ್ತು ಬಿಡ್ರಿ. ಈಗ ಪರಊರಿಗಿ ಗಾಡಿ ಹತ್ತಲಿಕ್ಕ ಹೊಂಟೀನಿ, ತಿಂಗಳು ಬಿಟ್ಟು ವಾಪಸ್ ಬರ್ತೀನಿ” ಎಂದು ಅವರು ಸಮಾಧಾನದಿಂದ ಫೋನ್ ಇಟ್ಟುಬಿಟ್ಟರು.

ಶರಣಪ್ಪಜ್ಜ ಎರಡು ಸಲ ಉಸಿರೆಳೆದುಕೊಂಡು, ಮೆಚ್ಚಿ ತಲೆಯಾಡಿಸಿದ.

“ಭಾಳ ಛಲೋ ಮಾತಾಡಿದ್ರಿ, ಸಾಹೇಬ್ರ.”