ಮಾವನ ಕರಿ ಕಾರಿಗೆ ಅಳಿಯನ ಪಾಲಿಷು

"ಹಲ್ಲು ಹೊಳೆಸೋನಿಗೆ ಕಾರು ಹೊಳೆಸೋದು ಯಾವ ಮಹಾ ವಿದ್ಯೆ?" ಎಂದು ಹಲ್ಲಿನ ಡಾಕ್ಟರು ಭಾನುವಾರ ಬೆಳಿಗ್ಗೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು. ಊರಿನ ಅರ್ಧ ಹಲ್ಲುಗಳು ಫಳಫಳ ಅನ್ನುತ್ತಿರುವುದೇ ಅವರ ಕೈಗುಣದಿಂದ. ಚಹಾದ ಕಲೆ, ಸಿಗರೇಟಿನ ಕಲೆ, ವರ್ಷಗಟ್ಟಲೆ ಸೋಮಾರಿತನದ ಕಲೆ, ಯಾವುದೂ ಅವರೆದುರು ನಿಂತದ್ದಿಲ್ಲ. ಹೀಗಿರುವಾಗ ಯಃಕಶ್ಚಿತ್ ಒಂದು ಕಾರು!

ಹೆಂಡತಿ ಪತ್ರಿಕೆಯಿಂದ ತಲೆ ಎತ್ತಲಿಲ್ಲ. "ಅದು ಯಃಕಶ್ಚಿತ್ ಕಾರಲ್ಲ. ಅಪ್ಪನ ಕಾರು," ಎಂದಳು.

ಮಾತು ಸರಿಯೇ. ಆ ಅಪ್ಪ, ಅಂದರೆ ಡಾಕ್ಟರ ಮಾವ, ನಿವೃತ್ತಿಯ ತನಕ ಡ್ರೈವಿಂಗ್ ಲೈಸೆನ್ಸಿನ ಪರೀಕ್ಷೆ ಮಾಡುತ್ತಿದ್ದ ಇನ್‌ಸ್ಪೆಕ್ಟರು. ಪಾಸ್ ಮಾಡಿ ಹೆಸರು ತೆಗೆದುಕೊಂಡವರಲ್ಲ, ಫೇಲ್ ಮಾಡಿಯೇ ತೆಗೆದುಕೊಂಡವರು. ಮುಂದೆ ಅಳಿಯನಾಗಲಿದ್ದ ಹುಡುಗನನ್ನೂ ಬಿಟ್ಟಿರಲಿಲ್ಲ. ಹುಡುಗ ಸೀಟಿನಲ್ಲಿ ಕೂತ, ಬೆಲ್ಟು ಹಾಕಿದ, ಗೇರ್ ಹಾಕಿದ, ಗಾಡಿ ಒಂದು ಮಾರು ಮುಂದೆ ಹೋಯಿತು. "ಇಳೀರಿ. ಕನ್ನಡಿ ನೋಡ್ಲಿಲ್ಲ. ಫೇಲ್." ಅಷ್ಟೇ ಪರೀಕ್ಷೆ. ಆಮೇಲೆ ಅದೇ ಮನುಷ್ಯ ಮಗಳನ್ನು ಕೊಟ್ಟರು, ಲೈಸೆನ್ಸನ್ನು ಬೇರೆ ಇನ್‌ಸ್ಪೆಕ್ಟರು ಕೊಟ್ಟರು. ಆದರೆ ಆ ಬಾಯಿಂದ 'ಪಾಸ್' ಎಂಬ ಶಬ್ದ ಕೇಳಬೇಕೆಂಬ ಆಸೆ ಡಾಕ್ಟರ ಹೊಟ್ಟೆಯಲ್ಲಿ ಹಾಗೇ ಉಳಿದುಹೋಗಿತ್ತು.

ಈಗ ಅದಕ್ಕೊಂದು ಅವಕಾಶ ಒದಗಿತ್ತು. ಮಾವನ ಎರಡೂ ಕಣ್ಣಿಗೆ ಪೊರೆ ಬಂದು ಸುಮಾರು ವರ್ಷಗಳೇ ಆಗಿದ್ದವು. "ನನಗೆಲ್ಲ ಕಾಣುತ್ತೆ" ಎಂದು ಹಟ ಹಿಡಿದು, ಕೊನೆಗೊಂದು ದಿನ ಪಕ್ಕದ ಮನೆಯ ಗೇಟು ತೆಗೆದು ಒಳಗೆ ಹೋಗಿ ಅವರ ಸೋಫಾದ ಮೇಲೆ ಕೂತು ಕಾಫಿ ಕೇಳಿದ ಮೇಲೆ ಆಪರೇಷನ್ನಿಗೆ ಒಪ್ಪಿದ್ದರು. ಕಣ್ಣಾಸ್ಪತ್ರೆ ಹತ್ತಿರವೆಂದು ದೊಡ್ಡ ಮಗಳ ಮನೆಗೆ ಹೋದರು. ಹೋಗುವಾಗ, ಯಾರಿಗೂ ಮುಟ್ಟಲು ಬಿಡದಿದ್ದ ಕರಿ ಕಾರನ್ನು ಡಾಕ್ಟರ ಶೆಡ್ಡಿನಲ್ಲಿ ಬಿಟ್ಟು, ಬೀಗದ ಕೈಯನ್ನು ದೊಡ್ಡ ಅಳಿಯನಿಗಲ್ಲ, ಚಿಕ್ಕ ಅಳಿಯನಿಗೆ ಕೊಟ್ಟರು. "ಓಡಿಸಬೇಡಿ. ವಾರಕ್ಕೊಂದು ಸಲ ತೊಳೀರಿ. ಅಷ್ಟು ಸಾಕು."

ಡಾಕ್ಟರು ಆ ಬೀಗದ ಕೈಯನ್ನು ಪದಕದಂತೆ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಷಡ್ಡಕನ ಎದುರು ಎರಡು ಸಲ ಬೇಕೆಂದೇ ಬೀಳಿಸಿ ಎತ್ತಿಕೊಂಡದ್ದೂ ಉಂಟು. ಈ ದಿನ ಮಧ್ಯಾಹ್ನ ಮಾವನ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ, ಹೊಸ ಕನ್ನಡಕ ಕೊಡುತ್ತಾರೆ. ಸಂಜೆ ಕಾರು ತೆಗೆದುಕೊಂಡು ಹೋಗಲು ಬರುತ್ತಾರೆ.

"ಹೊಸ ಕಣ್ಣಿಗೆ ಮೊದಲು ಬೀಳೋದು ನನ್ನ ಕೆಲಸ ನೋಡು. ಈ ಸಲ ಪಾಸ್ ಅನ್ನಲೇಬೇಕು," ಎಂದು ಡಾಕ್ಟರು ತೋಳು ಮಡಚಿದರು. ಶೆಡ್ಡಿನ ಬಾಗಿಲು ತೆಗೆದು, ಇಷ್ಟು ದಿನ ಕತ್ತಲಲ್ಲೇ ತೊಳೆಸಿಕೊಂಡ ಕಾರನ್ನು ಮೊದಲ ಬಾರಿಗೆ ಬಿಸಿಲಿಗೆ ತಂದು ನಿಲ್ಲಿಸಿದರು.

ನಿಲ್ಲಿಸಿ ಇಳಿದವರು ಅಲ್ಲೇ ನಿಂತುಬಿಟ್ಟರು. ಕಾರಿನ ಮೇಲೆಲ್ಲ ಗೆರೆಗಳು. ಉಂಗುರದೊಳಗೆ ಉಂಗುರ, ಅದರೊಳಗೆ ಇನ್ನೊಂದು. ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲೆ, ಚಾವಣಿಯ ಮೇಲೆ, ಸೂರ್ಯ ಎಲ್ಲೆಲ್ಲಿ ಬೀಳುತ್ತಾನೋ ಅಲ್ಲೆಲ್ಲ.

"ಇದೇನ್ರೀ ಇದು, ಜೇಡರ ಬಲೆ ಥರ?" ಹಿಂದೆಯೇ ಬಂದ ಹೆಂಡತಿ ಕೇಳಿದಳು.

"ಧೂಳು."

ಅವಳು ಬೆರಳು ಎಳೆದು ನೋಡಿದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ಸುಳ್ಳು ಲೆಕ್ಕದ ವಾಸನೆ ದೂರದಿಂದಲೇ ಬರುತ್ತದೆ ಅವಳಿಗೆ. "ಧೂಳಾಗಿದ್ರೆ ಬೆರಳಿಗೆ ಬರಬೇಕಿತ್ತು. ಯಾವುದರಲ್ಲಿ ತೊಳೀತಿದ್ರಿ ಇದನ್ನ?"

"ಮೆತ್ತಗಿರೋದರಲ್ಲೇ."

"ಮೆತ್ತಗಿರೋದು ಅಂದ್ರೆ?"

"ಅಡಿಗೆಮನೆ ಸಿಂಕಿನ ಹತ್ತಿರ ಹಸಿರು ಬಣ್ಣದ್ದು ಇರುತ್ತಲ್ಲ."

ಹೆಂಡತಿ ಕಣ್ಣು ಮುಚ್ಚಿ ತೆರೆದಳು. "ತಳ ಹಿಡಿದ ಪಾತ್ರೆ ಉಜ್ಜೋ ಸ್ಕ್ರಬ್ಬರ್ರು."

"ಒತ್ತಿ ಉಜ್ಜಿಲ್ಲ ಕಣೇ. ವೃತ್ತಾಕಾರವಾಗಿ, ನಿಧಾನವಾಗಿ..." ಎಂದು ಶುರು ಮಾಡಿದ ಡಾಕ್ಟರು ಅರ್ಧಕ್ಕೇ ನಿಲ್ಲಿಸಿದರು. ಅವರ ಕ್ಲಿನಿಕ್ಕಿನ ಗೋಡೆಯ ಮೇಲೆ ಬರೆಸಿಟ್ಟಿರುವುದು ಅದನ್ನೇ. ಬಾಯಿ ತೆರೆದ ಪ್ರತಿಯೊಬ್ಬರಿಗೂ ಅವರು ಹೇಳಿ ಕಳಿಸುವುದೂ ಅದನ್ನೇ: ಬ್ರಷ್ಷನ್ನು ಅಡ್ಡಡ್ಡ ಎಳೆಯಬೇಡಿ, ವೃತ್ತಾಕಾರವಾಗಿ, ನಿಧಾನವಾಗಿ. ಈಗ ಆ ಅಮೂಲ್ಯ ಸಲಹೆ ಮಾವನ ಕಾರಿನ ಮೂತಿಯಿಂದ ಬಾಲದವರೆಗೆ ಅಚ್ಚಾಗಿ ಕೂತಿತ್ತು.

"ಅಪ್ಪ ದಿನಾ ಬೆಳಿಗ್ಗೆ ಈ ಬಾನೆಟ್ಟಲ್ಲಿ ಮುಖ ನೋಡ್ಕೊಂಡು ಮೀಸೆ ಬಾಚ್ತಿದ್ರು," ಎಂದಳು ಹೆಂಡತಿ. ಅದು ಅವರ ಇಡೀ ಬೀದಿಗೆ ಗೊತ್ತಿದ್ದ ವಿಷಯ. ಬಣ್ಣ ಹಚ್ಚಿದ ಮೀಸೆ, ಬಣ್ಣ ಹಚ್ಚಿದ ಕೂದಲು, ಕಪ್ಪು ಬಾನೆಟ್ಟು. ಮಾವನಿಗೆ ದಿನ ಶುರುವಾಗುತ್ತಿದ್ದುದೇ ಹಾಗೆ.

ಡಾಕ್ಟರು ಧೈರ್ಯಗೆಡುವ ಜಾತಿಯವರಲ್ಲ. ಹಲ್ಲಿನ ಮೇಲೆ ಗೀರು ಬಿದ್ದರೆ ಏನು ಮಾಡುತ್ತೇವೆ? ಪೇಸ್ಟ್ ಹಚ್ಚಿ ತಿಕ್ಕುತ್ತೇವೆ. ಓಡಿಹೋಗಿ ಕ್ಲಿನಿಕ್ಕಿನಿಂದ ಪಾಲಿಷ್ ಪೇಸ್ಟಿನ ಡಬ್ಬಿ ತಂದರು. ಬಾನೆಟ್ಟಿನ ನಟ್ಟನಡುವೆ ಒಂದು ಮುದ್ದೆ ಹಚ್ಚಿ, ಬಟ್ಟೆ ಸುತ್ತಿದ ಬೆರಳಿನಿಂದ ತಿಕ್ಕಿಯೇ ತಿಕ್ಕಿದರು. ಇಡೀ ಅಂಗಳ ಪುದೀನ ವಾಸನೆ ಹೊಡೆಯಿತು. ಒರೆಸಿ ನೋಡಿದರೆ ಉಂಗುರಗಳು ನಿಜಕ್ಕೂ ಮಾಯವಾಗಿದ್ದವು. ಹೊಳಪೂ ಮಾಯವಾಗಿತ್ತು. ಊಟದ ತಟ್ಟೆಯಷ್ಟು ಅಗಲದ ಬೂದು ಮಚ್ಚೆಯೊಂದು ಆಕಾಶ ನೋಡುತ್ತಾ ಮಲಗಿತ್ತು.

"ಉಸಿರು ಚೆನ್ನಾಗಾಯ್ತು ಕಾರಿಂದು," ಎಂದಳು ಹೆಂಡತಿ.

"ಬಾಯಿ ಮುಚ್ಚು."

"ಮುಚ್ತೀನಿ. ಒಂದೇ ಒಂದು ಕೇಳ್ತೀನಿ. ಎನಾಮೆಲ್ ಸವೆದ್ರೆ ಮತ್ತೆ ಬರಲ್ಲ ಅಂತ ಎಲ್ಲರನ್ನೂ ಹೆದರಿಸ್ತೀರಲ್ಲ, ಇದಕ್ಕೂ ಬಣ್ಣದ ಮೇಲೊಂದು ಪದರ ಇರುತ್ತಂತೆ. ಎಷ್ಟು ಉಳಿದಿದೆ ಈಗ?"

ಎಷ್ಟು ಉಳಿದಿದೆ ಎಂದು ಯಾರಿಗೆ ಗೊತ್ತು? ಹಲ್ಲಾಗಿದ್ದರೆ ಎಕ್ಸ್‌ರೇ ತೆಗೆಯಬಹುದಿತ್ತು.

ಹಿಂದಿನ ಬೀದಿಯ ಪೀಠೋಪಕರಣದ ಅಂಗಡಿಯವನ ಬಳಿ ಮೇಜಿಗೆ ಪಾಲಿಷ್ ಹಾಕುವ ಯಂತ್ರವಿತ್ತು. ಡಾಕ್ಟರು ಅದನ್ನೂ, ಕಾರಿಗೆ ಹಚ್ಚುವ ಪಾಲಿಷಿನ ಬಾಟಲಿಯನ್ನೂ ಅವಸರವಸರವಾಗಿ ಹೊತ್ತುಕೊಂಡು ಬಂದರು. ಬಾಟಲಿಯ ಮೇಲಿದ್ದ ಸೂಚನೆಗಳನ್ನು ಓದುವುದು ತಮ್ಮ ಡಿಗ್ರಿಗೆ ಅವಮಾನ ಎಂದುಕೊಂಡರು. ಬಿಳಿ ಪಾಲಿಷನ್ನು ಧಾರಾಳವಾಗಿ ಸುರಿದು, ವೇಗದ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಒತ್ತಿಯೇಬಿಟ್ಟರು.

ಯಂತ್ರ ಡಾಕ್ಟರನ್ನು ಎಳೆದುಕೊಂಡು ಹೊರಟಿತು. ಬಾನೆಟ್ಟಿನ ಮೇಲಿದ್ದ ಬಿಳಿ ಪಾಲಿಷು ನಾಲ್ಕೂ ದಿಕ್ಕಿಗೆ ಹಾರಿತು. ಗೋಡೆಗೆ, ಕಿಟಕಿಗೆ, ಡಾಕ್ಟರ ಕನ್ನಡಕಕ್ಕೆ, ತಂತಿಯ ಮೇಲೆ ಒಣಹಾಕಿದ್ದ ಹೆಂಡತಿಯ ಕಡು ನೀಲಿ ಸೀರೆಗೆ. ಸೀರೆಗೆ ಹೊಸ ಚುಕ್ಕಿ ಡಿಸೈನು ಬಂತು. ಡಾಕ್ಟರಿಗೆ ಗುಂಡಿ ಸಿಗಲೊಲ್ಲದು. ಹೆಂಡತಿ ಒಳಗೆ ಹೋಗಿ ಪ್ಲಗ್ ಕಿತ್ತ ಮೇಲೆಯೇ ಮನೆ ಶಾಂತವಾಯಿತು.

ಅವಳು ಸೀರೆಯನ್ನೊಮ್ಮೆ ನೋಡಿದಳು, ಗಂಡನನ್ನೊಮ್ಮೆ ನೋಡಿದಳು. "ಈ ಲೆಕ್ಕ ಆಮೇಲೆ," ಎಂದಳು. ಆ 'ಆಮೇಲೆ' ಕೇಳಿ ಡಾಕ್ಟರಿಗೆ ಯಂತ್ರವೇ ವಾಸಿ ಅನಿಸಿತು.

ಬಾಟಲಿಯನ್ನು ಈಗ ಹೆಂಡತಿ ಓದಿದಳು. ಗಟ್ಟಿಯಾಗಿ, ಕೊನೆಯ ಬೆಂಚಿಗೂ ಕೇಳುವ ಹಾಗೆ. ಕಾಳಿನಷ್ಟು ಪಾಲಿಷು. ಕಡಿಮೆ ವೇಗ. ಅಂಗೈಯಗಲದ ಜಾಗ. ಒತ್ತಬಾರದು, ಯಂತ್ರದ ಭಾರವೇ ಸಾಕು. ಬಿಸಿಯಾದರೆ ನಿಲ್ಲಿಸಬೇಕು. ಡಾಕ್ಟರು ಹಾಗೇ ಮಾಡಿದರು. ಒಂದೊಂದು ಅಂಗೈಯಗಲ ಮುಗಿದಾಗಲೂ ಬೆರಳಿಟ್ಟು ಬಿಸಿ ನೋಡುವರು, ಉಸಿರು ಬಿಗಿ ಹಿಡಿದು ಒರೆಸುವರು. ಮೇಲಿನ ಪದರ ತೂತಾಗಿ ಕೆಳಗಿನ ಬಣ್ಣ ಇಣುಕಿದರೆ ಮುಗಿಯಿತು ಕಥೆ, ಈ ಜನ್ಮದಲ್ಲಿ ಪಾಸ್ ಇಲ್ಲ.

ಇಣುಕಲಿಲ್ಲ. ಬೂದು ಮಚ್ಚೆ ಕರಗಿ, ಅದರ ಜಾಗದಲ್ಲಿ ಕಪ್ಪು ಬಂತು. ಎಂಥ ಕಪ್ಪು! ಅದರಲ್ಲಿ ಆಕಾಶ ಕಂಡಿತು, ತಂತಿ ಕಂಡಿತು, ತಂತಿಯ ಮೇಲೆ ಚುಕ್ಕಿ ಸೀರೆಯೂ ಕಂಡಿತು. ಊಟ ಬಿಟ್ಟು ಬಾನೆಟ್ಟನ್ನು ಪೂರ್ತಿ ಮುಗಿಸುವ ಹೊತ್ತಿಗೆ ಡಾಕ್ಟರ ಸೊಂಟ ಹಿಡಿದಿತ್ತು, ಕಣ್ಣಲ್ಲಿ ಸಂತೋಷದ ನೀರು ತುಂಬಿತ್ತು. "ನೋಡೇ, ಕನ್ನಡಿ," ಎಂದರು.

ಆಗ ಹೆಂಡತಿಗೆ ಫೋನ್ ಬಂತು. ಅತ್ತೆ. "ಪಟ್ಟಿ ಬಿಚ್ಚಿದ್ರು ಕಣಮ್ಮ. ಕನ್ನಡಕಾನೂ ಕೊಟ್ರು. ಕಣ್ಣು ಬಿಟ್ಟೋರೇ, ಮೊದಲು ನನ್ನ ಕಾರು ನೋಡ್ಬೇಕು ಅಂತ ಹೊರಟೇಬಿಟ್ರು. ನನ್ನ ಮುಖ ಕೂಡ ಸರಿಯಾಗಿ ನೋಡಿಲ್ಲ. ನಿಮ್ಮ ಬೀದಿ ತಿರುವಲ್ಲೇ ಇದೀವಿ."

ಡಾಕ್ಟರು ಕಾರಿನ ಪಕ್ಕಕ್ಕೆ ನೋಡಿದರು. ಬಾಗಿಲುಗಳ ಮೇಲೆ ಜೇಡರ ಬಲೆ ಹಾಗೇ ಇತ್ತು. ಬಾನೆಟ್ಟು ಹೊಳೆಯುತ್ತಿದ್ದುದರಿಂದ ಈಗ ಇನ್ನೂ ಎದ್ದು ಕಾಣುತ್ತಿತ್ತು.

"ನೀರು," ಎಂದಳು ಹೆಂಡತಿ. "ಒದ್ದೆ ಇದ್ರೆ ಗೀರು ಕಾಣಲ್ಲ. ನೀವು ಒದ್ದೆ ಬಟ್ಟೇಲಿ ಒರೆಸ್ದಾಗ ನೋಡಿದೆ." ಅಪ್ಪನ ಮಗಳಾದರೂ ಆ ಗಳಿಗೆಯಲ್ಲಿ ಅವಳು ಗಂಡನ ಹೆಂಡತಿಯಾದಳು. ಪೈಪು ಹಿಡಿದು ಎರಡೂ ಪಕ್ಕಕ್ಕೆ, ಚಾವಣಿಗೆ ನೀರು ಬಿಟ್ಟಳು. ಗೆರೆಗಳು ನೀರಿನಡಿ ಅಡಗಿದವು.

ಮಾವ ಇಳಿದರು. ದಪ್ಪ ಹೊಸ ಕನ್ನಡಕ, ಕೈ ಹಿಂದೆ ಕಟ್ಟಿದ ಅದೇ ಹಳೆಯ ಭಂಗಿ. ಅಂಗಳಕ್ಕೆ ಬಂದವರೇ ಗೋಡೆಯ ಮೇಲಿನ ಬಿಳಿ ಚುಕ್ಕಿ ನೋಡಿದರು. ಸೀರೆ ನೋಡಿದರು. ಅಳಿಯನ ಹುಬ್ಬಿನ ಮೇಲಿನ ಬಿಳಿ ನೋಡಿದರು. ಮೂಸಿದರು.

"ಪುದೀನ," ಎಂದರು.

"ಹೌದು ಮಾವ," ಎಂದರು ಡಾಕ್ಟರು.

ಮಾವ ಕಾರನ್ನು ಸುತ್ತಲು ಹೊರಟರು. ಹೆಂಡತಿ ಪೈಪು ಹಿಡಿದು ಅವರಿಗಿಂತ ಒಂದು ಹೆಜ್ಜೆ ಮುಂದೆ. ಬಿಸಿಲು ಆರಿಸುತ್ತದೆ, ಅವಳು ನೆನೆಸುತ್ತಾಳೆ, ಬಿಸಿಲು ಮತ್ತೆ ಆರಿಸುತ್ತದೆ. "ಸಾಕು ಬಿಡೇ, ಕಾರಿಗೆ ನೆಗಡಿ ಆದೀತು," ಎಂದರು ಮಾವ. "ಧೂಳಪ್ಪಾ," ಎಂದಳು ಅವಳು. ಮಾವನ ಪ್ಯಾಂಟೂ ಒದ್ದೆಯಾಯಿತು. ಅಷ್ಟರಲ್ಲಿ ಹಿಂದಿನ ಬಾಗಿಲಿನ ಮೂಲೆ ಒಣಗಿ, ಒಂದು ಉಂಗುರ ಮೆಲ್ಲಗೆ ಮೇಲೆದ್ದಿತು. ಡಾಕ್ಟರು ಅದರ ಮೇಲೆ ಬೆನ್ನು ಒರಗಿಸಿ ನಿಂತರು.

ಮಾವ ಅದನ್ನು ಗಮನಿಸಲಿಲ್ಲ. ಬಾನೆಟ್ಟಿನ ಎದುರು ಬಂದು, ಜೇಬಿನಿಂದ ಪುಟ್ಟ ಬಾಚಣಿಗೆ ತೆಗೆದು, ಮೀಸೆಗೆಂದು ಬಗ್ಗಿದರು. ಬಗ್ಗಿದವರು ಹಾಗೇ ಉಳಿದರು. ಕೈ ಮೀಸೆಯವರೆಗೆ ಹೋಗಿ ನಿಂತಿತ್ತು. ಡಾಕ್ಟರು ಲೆಕ್ಕ ಹಾಕಿದರು: ಎಲ್ಲೋ ಒಂದು ಕಡೆ ಪದರ ತೂತಾಗಿದೆ, ಹೊಸ ಕಣ್ಣಿಗೆ ಅದು ಕಂಡಿದೆ, ಮುಗಿಯಿತು.

"ಇದರಲ್ಲಿರೋ ಮುದುಕ ಯಾರು?" ಎಂದರು ಮಾವ.

ಮಾವ ಕೆನ್ನೆ ಮುಟ್ಟಿ ನೋಡಿಕೊಂಡರು. ಬಾನೆಟ್ಟಿನಲ್ಲಿದ್ದವನೂ ಮುಟ್ಟಿಕೊಂಡ. ಕಣ್ಣಿನ ಸುತ್ತ ನೆರಿಗೆ, ಕತ್ತಿನ ಕೆಳಗೆ ಜೋತ ಚರ್ಮ, ಮೀಸೆಯ ಬುಡದಲ್ಲಿ ಬಣ್ಣ ಬಿಟ್ಟು ಹಣಕುವ ಬಿಳಿ. ಪೊರೆ ಇಷ್ಟು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಅಳಿಯನ ಪಾಲಿಷು ಒಂದೇ ಮಧ್ಯಾಹ್ನ ಬಿಚ್ಚಿಟ್ಟಿತ್ತು.

"ನೀವೇ," ಎಂದರು ಅತ್ತೆ ಹಿಂದಿನಿಂದ. "ನಾನು ದಿನಾ ನೋಡ್ತಾನೇ ಇದೀನಿ. ಕನ್ನಡಿ ನೋಡ್ಲಿಲ್ಲ ಅಂತ ಊರೋರನ್ನೆಲ್ಲ ಫೇಲ್ ಮಾಡಿದ್ರಿ. ನೀವು ನೋಡಿ ಎಷ್ಟು ಕಾಲ ಆಯ್ತು?"

ಮಾವ ಬಾಚಣಿಗೆ ಜೇಬಿಗೆ ಹಾಕಿ ಹಿಂದಿನ ಬಾಗಿಲಿನ ಕಡೆ ಬಂದರು. "ಸರೀರಿ," ಎಂದರು. ಡಾಕ್ಟರು ಸರಿದರು, ಸರಿಯದೆ ಉಪಾಯವಿರಲಿಲ್ಲ. ಬಾಗಿಲು ಪೂರ್ತಿ ಒಣಗಿತ್ತು. ಅಷ್ಟೂ ಉಂಗುರಗಳು ಬಿಸಿಲಿಗೆ ಮಿಂಚುತ್ತಿದ್ದವು. ಮಾವ ಬಗ್ಗಿ ನೋಡಿದರು. ಆ ಬಲೆಯೊಳಗೆ ನೆರಿಗೆ ಇಲ್ಲ, ಬಿಳಿ ಇಲ್ಲ. ಅಗಲ ಹೆಗಲು, ಕಪ್ಪು ಮೀಸೆ, ಎದುರಿದ್ದವರನ್ನು ಫೇಲ್ ಮಾಡಲು ಸಿದ್ಧನಾದ ಒಬ್ಬ ಇನ್‌ಸ್ಪೆಕ್ಟರು. ಬಾಚಣಿಗೆ ಮತ್ತೆ ಹೊರಗೆ ಬಂತು. ಮೀಸೆ ಬಾಚಿ ಮುಗಿಯುವವರೆಗೆ ಎಲ್ಲರೂ ಕಾದರು.

"ಈ ಬಾಗಿಲು ಪಾಸ್," ಎಂದರು.

ಡಾಕ್ಟರು ಜೀವಮಾನವೆಲ್ಲ ಕಾದಿದ್ದ ಶಬ್ದ. "ಮಾವ, ಅದು... ಅದನ್ನ ನಾನೇ..."

"ಬಾನೆಟ್ ಫೇಲ್," ಎಂದರು ಮಾವ. "ಚೆನ್ನಾಗಿದ್ದದ್ದನ್ನ ಏನೋ ಮಾಡಿ ಹಾಳು ಮಾಡಿದೀರಿ ಅಳಿಯಂದಿರೇ. ಮೊದಲು ಹ್ಯಾಗಿತ್ತೋ ಹಾಗೆ ಮಾಡಿಕೊಡಿ. ನಾನು ಒಳಗೆ ಕೂತಿರ್ತೀನಿ."

ಅತ್ತೆ ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡು ಅವರ ಹಿಂದೆ ನಡೆದರು. ಡಾಕ್ಟರು ಬಾನೆಟ್ಟಿನ ಎದುರು ನಿಂತರು. ಹುಬ್ಬಿಗೆ ಬಿಳಿ ಮೆತ್ತಿದ, ಊಟವಿಲ್ಲದ, ಸೊಂಟ ಬಗ್ಗಿದ ಮನುಷ್ಯನೊಬ್ಬ ಅದರೊಳಗಿಂದ ಅವರನ್ನು ದಿಟ್ಟಿಸುತ್ತಿದ್ದ. ಅಷ್ಟು ಸ್ಪಷ್ಟವಾಗಿ ತಮ್ಮನ್ನು ತಾವು ಅವರೂ ನೋಡಿಕೊಂಡಿರಲಿಲ್ಲ.

ಹೆಂಡತಿ ಅಡಿಗೆಮನೆಗೆ ಹೋಗಿ ಬಂದಳು. ಚುಕ್ಕಿ ಬಿದ್ದ ಸೀರೆಯನ್ನು ಮಡಚಿ ತೋಳಿಗೆ ಹಾಕಿಕೊಂಡಿದ್ದಳು. ಗಂಡನ ಕೈ ಬಿಡಿಸಿ, ಹಸಿರು ಸ್ಕ್ರಬ್ಬರನ್ನು ಅಂಗೈಯಲ್ಲಿಟ್ಟಳು.

"ಶುರು ಮಾಡಿ ಡಾಕ್ಟ್ರೇ," ಎಂದಳು. "ವೃತ್ತಾಕಾರವಾಗಿ, ನಿಧಾನವಾಗಿ."