ಒಂಬತ್ತನೆಯ ಚೀಟಿ ಓದಿದ್ದು

"ನನಗೆ ಅಧಿಕಾರದ ಆಸೆ ಇಲ್ಲ" ಎನ್ನುವವರನ್ನು ಕಂಡರೆ ನನಗೆ ಒಂದು ಬಗೆಯ ಮರುಕ. ಯಾಕೆಂದರೆ ಆ ಮಾತನ್ನು ನಾನೂ ಹೇಳಿದ್ದೇನೆ, ಅದೂ ಒಂದೇ ಬೆಳಿಗ್ಗೆ ಮೂರು ಸಲ. ಹೇಳುವಾಗ ಮುಖ ಹೇಗಿಟ್ಟುಕೊಳ್ಳಬೇಕು, ದನಿ ಎಷ್ಟು ತಗ್ಗಿಸಬೇಕು, ಕೈಯನ್ನು ಎದೆಯ ಯಾವ ಭಾಗದಲ್ಲಿಡಬೇಕು ಎಂಬುದೆಲ್ಲ ನನಗೆ ಚೆನ್ನಾಗಿ ಗೊತ್ತು. ಊರಿನ ಹಾಲಿನ ಸೊಸೈಟಿಗೋ ದೇವಸ್ಥಾನದ ಕಮಿಟಿಗೋ ಸಂಬಂಧಿಸಿದ ಮಾತಾಗಿದ್ದರೆ ಇಷ್ಟು ಹೊತ್ತಿಗೆ ಮರೆತುಬಿಡುತ್ತಿದ್ದೆ. ನಾನು ಹೇಳಿದ್ದು ಒಂದು ಅಂತರರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಅಧ್ಯಕ್ಷ ಸ್ಥಾನದ ವಿಷಯದಲ್ಲಿ. ದಯವಿಟ್ಟು ನಗಬೇಡಿ. ಎಂಬತ್ತರ ದಶಕದಲ್ಲಿ ಮೂರು ವರ್ಷ ಆ ಸಂಸ್ಥೆಯ ವಿಶ್ವ ಕೇಂದ್ರ ಕಚೇರಿ ಇದ್ದದ್ದು ಕೋಯಮುತ್ತೂರಿನ ಹತ್ತಿರದ ಸಿರುಮುಗೈಯಲ್ಲಿ, ಭವಾನಿ ನದಿಯಿಂದ ಕೂಗಳತೆ ದೂರದಲ್ಲಿ, ನಮ್ಮ ಮನೆಯ ಮುಂದಿನ ಕೋಣೆಯಲ್ಲಿ.

ಆಟ ಬಾಲ್ ಬ್ಯಾಡ್ಮಿಂಟನ್. ಹಳದಿ ಉಣ್ಣೆಯ ಚೆಂಡು, ನಡುವೆ ಒಂದು ಬಲೆ, ಒಂದೊಂದು ಕಡೆ ಐದೈದು ಜನ. ದೊಡ್ಡ ಊರುಗಳಲ್ಲಿ ಈ ಆಟಕ್ಕೆ ದೊಡ್ಡ ದೊಡ್ಡ ಸಂಘಗಳೇ ಇದ್ದವು. ಅವರಿಗೆ ನಮ್ಮ ಸುದ್ದಿ ಗೊತ್ತಿರಲಿಲ್ಲ, ನಾವೂ ಹೇಳಲು ಹೋಗಲಿಲ್ಲ. ನಮ್ಮದನ್ನು ಹುಟ್ಟುಹಾಕಿದವರು ಉಡುಮಲೈಪೇಟೆಯ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಮೊದಮೊದಲು ಅದು ರಜೆಯ ದಿನ ಸೇರಿ ಆಡುವವರ ಗುಂಪು ಅಷ್ಟೆ. ಮಲೇಷಿಯಾದ ಪೆನಾಂಗಿನಲ್ಲಿದ್ದ ಅವರ ತಮ್ಮ ಒಂದು ದಿನ ಕಾಗದ ಬರೆದು, ಅಲ್ಲಿಯೂ ಅಂಗಳದಲ್ಲಿ ಬಲೆ ಕಟ್ಟಿದ್ದೇವೆ ಎಂದು ತಿಳಿಸಿದ. ಸಿಲೋನಿನ ಟೀ ತೋಟದಿಂದ ಬಂದು ಮೇಟ್ಟುಪ್ಪಾಳಯದ ಬಳಿ ನೆಲೆಸಿದ್ದ ಮೂವರು ಅದೇ ವಾರ ನಮ್ಮ ಜೊತೆ ಆಡಲು ಬಂದರು. ಹೆಡ್‌ಮಾಸ್ಟರು ಬೆರಳೆಣಿಸಿದರು. "ಮೂರು ದೇಶ ಆಯಿತು. ಇನ್ನು ನಾವು ಅನೈತ್ತುಲಗಂ" ಎಂದರು. ಅಖಿಲ ಜಗತ್ತು ಎಂದರ್ಥ. ಸಿಲೋನಿನವರು ಸಿಲೋನು ಬಿಟ್ಟು ಹತ್ತು ವರ್ಷವಾಯಿತಲ್ಲ ಎಂದು ಯಾರೋ ಕೇಳಿದ್ದಕ್ಕೆ, "ಅವರ ಮನಸ್ಸು ಇನ್ನೂ ಅಲ್ಲೇ ಇದೆ" ಎಂದರು. ಮೇಷ್ಟ್ರ ಮಾತಿಗೆ ಎದುರು ಹೇಳುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ನಾನು ಸೀರೆ ಸೊಸೈಟಿಯ ಗುಮಾಸ್ತ. ಸ್ವಂತಕ್ಕೊಂದು ಹಳೆಯ ಟೈಪ್‌ರೈಟರ್ ಇಟ್ಟುಕೊಂಡಿದ್ದ ತಪ್ಪಿಗೆ ನನ್ನನ್ನು ಕಾರ್ಯದರ್ಶಿ ಮಾಡಿದರು. ಹೆಡ್‌ಮಾಸ್ಟರರ ಮನೆ ತುಂಬ ತೆಂಗಿನಕಾಯಿ ಇದ್ದುದರಿಂದ ಕಚೇರಿಯೂ ನಮ್ಮ ಮನೆಗೇ ಬಂತು. ಬಲೆಗಳು, ಕಂಬಗಳು, ಮೂಟೆಗಟ್ಟಲೆ ಚೆಂಡು, ಮೂರು ದೇಶಗಳ ಬಾವುಟ, ಕಡತಗಳು. ಚೆಂಡಿನ ಬಣ್ಣ ಹಳದಿಯೇ ಇರಬೇಕೋ ಕೆಂಪಾದರೂ ನಡೆದೀತೋ ಎಂಬ ಒಂದೇ ಪ್ರಶ್ನೆಯ ಮೇಲೆ ಪೆನಾಂಗಿಗೂ ನಮಗೂ ನಡೆದ ಪತ್ರವ್ಯವಹಾರ ಒಂದು ಟ್ರಂಕು ತುಂಬಿತ್ತು. ಉಣ್ಣೆಯ ಎಳೆ ಉದುರಿ ಉದುರಿ ನಮ್ಮ ಮನೆಯ ಸಾರಿನಲ್ಲೂ ಹಳದಿ ಕೂದಲು ಸಿಗುತ್ತಿತ್ತು. ಇಷ್ಟಕ್ಕೆಲ್ಲ ಜಾಗ ಮಾಡಲು ಆ ಕೋಣೆಯಿಂದ ತೆಗೆದದ್ದು ಒಂದೇ ವಸ್ತು, ನನ್ನ ಹೆಂಡತಿ ಗಿರಿಜಳ ಮಗ್ಗ. "ಎರಡು ತಿಂಗಳು ಅಷ್ಟೆ" ಎಂದು ನಾನೇ ಬಿಚ್ಚಿ ಗೋಡೆಗೆ ಒರಗಿಸಿದೆ. ಮೂರು ವರ್ಷ ಅವಳು ಪಕ್ಕದ ಬೀದಿಗೆ ಹೋಗಿ ಬೇರೆಯವರ ಮಗ್ಗದಲ್ಲಿ, ಅವರಿಗೆ ಬಿಡುವಾದ ಹೊತ್ತು ನೋಡಿಕೊಂಡು ನೇಯ್ದಳು. ರೇಷ್ಮೆ ನೇಯುವ ಕೈ ಅದು. ಇನ್ನೊಬ್ಬರ ಮನೆಯ ಹೊತ್ತಿಗೆ ಕಾಯುವ ಕೈಯಾಯಿತಲ್ಲ ಎಂದು ನನಗೂ ಒಮ್ಮೊಮ್ಮೆ ಚುರುಕ್ ಎನ್ನುತ್ತಿತ್ತು. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಕೆಂಪು ನೀಲಿ ಅಂಚಿನ ಏರ್‌ಮೇಲ್ ಲಕೋಟೆ ಹಿಡಿದುಕೊಂಡು, ಬೀದಿಗೆಲ್ಲ ಕೇಳುವಂತೆ ನನ್ನ ಹೆಸರು ಕೂಗುತ್ತಿದ್ದ. ಚುರುಕ್ ಎಂದದ್ದು ಮರೆತುಹೋಗುತ್ತಿತ್ತು.

ಗಿರಿಜಳ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವಳು ಕೊಳ್ಳೇಗಾಲದವಳು. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಕನ್ನಡವೇ ಮಾತು, ಆದರೆ ಒಬ್ಬರಿಗೂ ಕನ್ನಡ ಅಕ್ಷರ ಬರುತ್ತಿರಲಿಲ್ಲ. ಶಾಲೆ, ಸಂತೆ, ಸೊಸೈಟಿ ಎಲ್ಲ ತಮಿಳು. ಮದುವೆಯಾದ ಹೊಸದರಲ್ಲಿ ಅವಳು ತವರಿಗೆ ಬರೆದ ಕಾಗದದಲ್ಲಿ ನನ್ನ ವಿಷಯ ಏನಿದೆ ಎಂದು ತಿಳಿಯುವ ಆತಂಕದಿಂದಲೇ ನಾನು ಅಕ್ಷರ ಕಲಿಯಲು ಕೂತೆ. ಅವಳೇ ಗುರು. "ನಾ ಸೀಕ್ರ ಕಲ್ತುಕೊಳ್ತೀನಿ" ಎಂದರೆ, "ಮೊದಲು ಬೇಗ ಅನ್ನೋದನ್ನ ಕಲೀರಿ" ಎನ್ನುತ್ತಿದ್ದಳು. ಒಂದು ವರ್ಷದಲ್ಲಿ ಕತೆ ಪುಸ್ತಕ ಓದುವಷ್ಟಾದೆ. ಕೋಯಮುತ್ತೂರಿನಿಂದ ಆಚೆ ಈಚೆ ನನಗೆ ಪರಿಚಯವಿದ್ದ ನಮ್ಮ ಕಡೆಯ ಜನರಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ ಎಂಬ ಜಂಬ ನನ್ನಲ್ಲಿ ಬೆಳೆಯಿತು. ಆ ಜಂಬ ಮುಂದೆ ಕೆಲಸಕ್ಕೆ ಬಂತು, ಹೇಗೆಂದು ಹೇಳುತ್ತೇನೆ.

ಮೂರನೆಯ ವರ್ಷ ಹೆಡ್‌ಮಾಸ್ಟರು ಮೊಣಕಾಲಿನ ಕಾರಣಕ್ಕೆ ಅಧ್ಯಕ್ಷ ಸ್ಥಾನ ಬಿಡುವುದಾಗಿ ಹೇಳಿದರು. ಪೆನಾಂಗಿನ ತಮ್ಮ, ಅವನ ಹೆಂಡತಿ, ಅಳಿಯ ರಜೆಗೆ ಬಂದಿದ್ದರು. ದೇಶಕ್ಕೆ ಮೂರರಂತೆ ಒಟ್ಟು ಒಂಬತ್ತು ಓಟು. ಭಾರತದ ಮೂರು ಅಂದರೆ ಹೆಡ್‌ಮಾಸ್ಟರು, ನಾನು, ತಿರುಪ್ಪೂರಿನ ಬನಿಯನ್ ಕಂಪೆನಿಯ ನಂಜಪ್ಪನ್. ಉಮೇದುವಾರರು ನಾನು ಮತ್ತು ನಂಜಪ್ಪನ್. ಇನ್ನು ಮೇಲೆ ಅಧ್ಯಕ್ಷರ ಮನೆಯೇ ಕೇಂದ್ರ ಕಚೇರಿ ಎಂದೂ ನಿಯಮವಾಯಿತು. ಇದು ಗಿರಿಜಳ ಕಿವಿಗೆ ಬಿದ್ದದ್ದೇ ಅವಳು ಅಡುಗೆಮನೆಯಿಂದ ಎದ್ದು ಬಂದು ನನ್ನ ಎದುರು ಕೂತಳು.

"ನೀವು ಸೋತ್ರೆ ಇದೆಲ್ಲ ತಿರುಪ್ಪೂರಿಗೆ ಹೋಗತ್ತಾ?"

"ಹೋಗ್ತದೆ."

"ಹಾಗಾದ್ರೆ ಸೋತು ಬನ್ನಿ. ನಿಮ್ಮ ಓಟೂ ಅವರಿಗೇ ಹಾಕಿ. ನನ್ನ ಮಗ್ಗದ ಮೇಲೆ ಆಣೆ ಇಡಿ."

ಗೋಡೆಗೆ ಒರಗಿದ್ದ ಮಗ್ಗದ ಮರದ ಮೇಲೆ, ಮಲೇಷಿಯಾದ ಬಾವುಟವನ್ನು ಸ್ವಲ್ಪ ಸರಿಸಿ, ಕೈಯಿಟ್ಟು ಆಣೆ ಮಾಡಿದೆ. ಆಗ ನನ್ನ ಮನಸ್ಸು ಶುದ್ಧವಾಗಿಯೇ ಇತ್ತು. ಮನಸ್ಸು ಕೆಡತೊಡಗಿದ್ದು ಪೊಳ್ಳಾಚಿ ದಾಟಿದ ಮೇಲೆ, ಸಭೆಗೆ ಹೋಗುವ ಬಸ್ಸಿನಲ್ಲಿ.

ಸಭೆ ನಡೆದದ್ದು ಹೆಡ್‌ಮಾಸ್ಟರರ ಮನೆಯ ಕೊಬ್ಬರಿ ಒಣಗಿಸುವ ಅಂಗಳದಲ್ಲಿ. ನಂಜಪ್ಪನ್ ಎಲ್ಲರಿಗೂ ಒಂದೊಂದು ಬನಿಯನ್ ತಂದಿದ್ದ. ಒಳ್ಳೆಯ ಮನುಷ್ಯ. ಅವನ ಮನೆಯಲ್ಲೂ ಕನ್ನಡವೇ ಮಾತು, ಹಿಂದಿನವರು ಬೇಸಾಯಗಾರರು, ಇವನು ಬನಿಯನ್ನಿಗೆ ಇಳಿದು ಮುಂದೆ ಬಂದವನು. ನಾನು ಎದ್ದು ನಿಂತು ಅಧಿಕಾರದ ಆಸೆ ಇಲ್ಲ ಎಂಬುದನ್ನು ಮೂರು ಸಲ ಹೇಳಿ, ಕಡೆಗೆ "ನನ್ನ ಓಟು ಕೂಡ ನಂಜಪ್ಪನ್ ಅವರಿಗೇ" ಎಂದು ಸೇರಿಸಿದೆ. ಪೆನಾಂಗಿನ ತಮ್ಮನ ಹೆಂಡತಿ "ಎಂಥಾ ಗುಣ!" ಎಂದು ಗಂಡನಿಗೆ ಹೇಳಿದ್ದು ಕೇಳಿಸಿತು. ಕೇಳಿಸಿದ್ದೇ ತಪ್ಪಾಯಿತು. ಇಷ್ಟು ಗುಣವಿರುವವನು ಅಧ್ಯಕ್ಷನಾಗದಿದ್ದರೆ ಜಗತ್ತಿಗೇ ನಷ್ಟವಲ್ಲವೇ ಎಂದು ನನಗೆ ಅನ್ನಿಸತೊಡಗಿತು.

ಹೆಡ್‌ಮಾಸ್ಟರು ಖಾಲಿ ಚೀಟಿ ಹಂಚಿದರು. "ಇದು ಅನೈತ್ತುಲಗ ಸಂಸ್ಥೆ. ಯಾವ ಭಾಷೆಯಲ್ಲಿ ಬೇಕಾದರೂ ಹೆಸರು ಬರೆಯಬಹುದು" ಎಂದು ಹೆಮ್ಮೆಯಿಂದ ಸಾರಿದರು. ನಾನು ಚೀಟಿ ಹಿಡಿದು ಕೊಬ್ಬರಿ ರಾಶಿಯ ಮರೆಗೆ ಹೋದೆ. ನಂಜಪ್ಪನ್ ಎಂದು ಬರೆಯಲು ಪೆನ್ನು ಒತ್ತಿದೆ, ಪೆನ್ನು ಮುಂದೆ ಹೋಗಲಿಲ್ಲ. ಕೆಂಪು ನೀಲಿ ಅಂಚಿನ ಲಕೋಟೆ ಕಣ್ಣಿಗೆ ಬಂತು, ಅದರ ಮೇಲೆ "ಮಾನ್ಯ ಅಧ್ಯಕ್ಷರಿಗೆ" ಎಂದಿತ್ತು. ನನ್ನ ಹೆಸರೇ ಬರೆಯೋಣ, ಯಾರಿಗೆ ತಿಳಿಯುತ್ತದೆ ಎಂದುಕೊಂಡೆ. ಆದರೆ ನನ್ನ ತಮಿಳು ಬರಹ ಎಲ್ಲರಿಗೂ ಗೊತ್ತು, ಮೂರು ವರ್ಷದ ನಡವಳಿ ಪುಸ್ತಕ ನನ್ನ ಕೈಬರಹದಲ್ಲೇ ಇದೆ. ಇಂಗ್ಲಿಷಿನಲ್ಲಿ ನನಗೆ ಬರುತ್ತಿದ್ದದ್ದು ಟೈಪ್ ಮಾಡುವುದು ಮಾತ್ರ, ಕೈಯಲ್ಲಿ ಬರೆದರೆ ಕೋಳಿ ಕೆದರಿದ ಹಾಗೆ. ಆಗ ನನ್ನ ಬುದ್ಧಿ ಮಿಂಚಿತು. ನನ್ನ ಕನ್ನಡ ಬರಹವನ್ನು ಇಲ್ಲಿ ಒಬ್ಬರೂ ನೋಡಿಲ್ಲ! ದುಂಡಗೆ, ಗಿರಿಜ ಕಲಿಸಿದ ಹಾಗೆ, ತಲೆಕಟ್ಟು ಸಮೇತ "ರಾಮಲಿಂಗ" ಎಂದು ಬರೆದು, ಮಡಿಸಿ ಬುಟ್ಟಿಗೆ ಹಾಕಿದೆ. ಯಾರೂ ನೋಡಿರದ ಬರಹವನ್ನು ಓದಬಲ್ಲವರೂ ಯಾರೂ ಇಲ್ಲವೆಂಬುದು ಆ ಮಿಂಚಿನ ಬೆಳಕಿನಲ್ಲಿ ಕಾಣಲಿಲ್ಲ.

ಎಂಟು ಚೀಟಿ ಎಣಿಸಿದಾಗ ನಾಲ್ಕು ನಾಲ್ಕು. ಹೆಡ್‌ಮಾಸ್ಟರು ಒಂಬತ್ತನೆಯದನ್ನು ಬಿಚ್ಚಿ, ಕನ್ನಡಕ ಏರಿಸಿ, ಇಳಿಸಿ, ಚೀಟಿಯನ್ನು ತಲೆಕೆಳಗು ಮಾಡಿ ನೋಡಿದರು. "ಎನ್ನಪ್ಪಾ ಇದು, ತೆಲುಂಗಾ?" ಚೀಟಿ ಕೈಯಿಂದ ಕೈಗೆ ಮೂರು ದೇಶ ಸುತ್ತಿತು. ನಂಜಪ್ಪನ್ ಅದನ್ನು ನೋಡಿ ಅರಳಿಹೋದ. "ಅಡೇ, ಇದು ನಮ್ದು! ನಮ್ಮ ಕೋವಿಲ್ ಕ್ಯಾಲೆಂಡರ್‌ನಲ್ಲಿ ಇದೇ ಎಳುತ್ತು, ಇದೇ ಅಕ್ಷರ. ಕನ್ನಡ! ಏನ್ ಸಾಮಿ, ನಂಗೆ ಪೇಸಕ್ಕೆ ಬತ್ತದೆ, ಓದಕ್ಕೆ ಬರಲ್ಲ. ನಿಮಗೆ ಬತ್ತದಲ್ಲ, ನೀವೇ ಓದಿ" ಎಂದು ಚೀಟಿಯನ್ನು ನನ್ನ ಕೈಗೆ ಕೊಟ್ಟ.

ಕನ್ನಡ ಬರೆಯಬಲ್ಲವನು ನಾನೊಬ್ಬನೇ ಅಂದಮೇಲೆ ಬರೆದವನೂ ನಾನೇ ಎಂಬುದು ಒಬ್ಬೊಬ್ಬರಿಗೇ ಹೊಳೆಯುತ್ತಿರುವುದು ಅವರ ಮುಖದಲ್ಲಿ ಕಾಣುತ್ತಿತ್ತು. ಇದ್ದದ್ದನ್ನು ಓದಿದರೆ ನಾನು ಜಗತ್ತಿನ ಅಧ್ಯಕ್ಷ. ಜೊತೆಗೆ ಈಗಷ್ಟೇ ಕೈಯನ್ನು ಎದೆಯ ಮೇಲಿಟ್ಟು ಸುಳ್ಳು ಹೇಳಿದವನು. ಆ ಹೊತ್ತಿನಲ್ಲಿ ನನಗೆ ಎದುರಿನ ಎಂಟು ಮುಖಗಳಿಗಿಂತ ಗೋಡೆಗೆ ಒರಗಿದ ಮಗ್ಗವೇ ಹೆಚ್ಚು ಕಂಡಿತು ಎಂದು ಹೇಳಿಕೊಳ್ಳಲು ನನಗೆ ಇಷ್ಟ. ನಿಜ ಹೇಳಬೇಕೆಂದರೆ ಎರಡೂ ಒಟ್ಟಿಗೇ ಕಂಡವು. ಗಂಟಲು ಸರಿಮಾಡಿಕೊಂಡು, ಚೀಟಿಯನ್ನು ದಿಟ್ಟಿಸಿ ನೋಡುತ್ತಾ, ಸ್ಪಷ್ಟವಾಗಿ ಓದಿದೆ: "ನಂಜಪ್ಪನ್."

ಅಬ್ಬಾ, ಎಂಥ ಚಪ್ಪಾಳೆ! ಹೆಡ್‌ಮಾಸ್ಟರು ಎದ್ದು ಬಂದು ನನ್ನನ್ನು ತಬ್ಬಿಕೊಂಡರು. ನಂಜಪ್ಪನ್ ಕಣ್ಣು ಒರೆಸಿಕೊಂಡು ನನಗೆ ಇನ್ನೂ ಎರಡು ಬನಿಯನ್ ಕೊಟ್ಟ. ಗೆದ್ದವನಿಗೆ ತಂದಿದ್ದ ಹಾರವನ್ನು ಅವನು ತನ್ನ ಕೊರಳಿನಿಂದ ತೆಗೆದು ನನಗೆ ಹಾಕಿದ. ಹೊತ್ತ ಮೂಟೆ ಇಳಿಸಿದ ಹಾಗೆ ನನ್ನ ಹೆಗಲು ಹಗುರಾಯಿತು. ಸೋತೂ ಇಷ್ಟು ಮರ್ಯಾದೆ ಸಿಗುವುದಾದರೆ ಗೆಲ್ಲುವ ಗೋಜಿಗೆ ಜನ ಯಾಕೆ ಹೋಗುತ್ತಾರೋ! ಕಾರ್ಯದರ್ಶಿಯ ಕೊನೆಯ ಕೆಲಸವೆಂದು ಚೀಟಿಗಳನ್ನೆಲ್ಲ ಕಡತಕ್ಕೆ ಸೇರಿಸಿ, ಒಂಬತ್ತನೆಯದನ್ನು ಮಾತ್ರ ಅಂಗಿಯ ಜೇಬಿಗೆ ಇಳಿಸಿದೆ. ಭವಾನಿಗೆ ಎಸೆದುಬಿಡುವ ಯೋಚನೆಯಿತ್ತು. ಸೇತುವೆ ಬಂದಾಗ ಬಸ್ಸಿನಲ್ಲಿ ಕೈ ಆಡಿಸಲೂ ಜಾಗವಿರಲಿಲ್ಲ.

ಅದೇ ವಾರ ನಂಜಪ್ಪನ್‌ನ ವ್ಯಾನು ಬಂದು ಜಗತ್ತನ್ನೆಲ್ಲ ಹೇರಿಕೊಂಡು ಹೋಯಿತು. ಗಿರಿಜ ಕೋಣೆಯನ್ನು ಎರಡು ಸಲ ತೊಳೆದಳು. ನಾನೇ ಮಗ್ಗ ಜೋಡಿಸಿದೆ. ಮೊದಲ ಸಲ ಲಾಳಿ ಈ ಕಡೆಯಿಂದ ಆ ಕಡೆಗೆ ಓಡಿದಾಗ ಅವಳು ತಲೆಯೆತ್ತಿ ನನ್ನ ಕಡೆ ನೋಡಿದಳು. ಅಂಥ ನೋಟ ನನಗೆ ಮೂರು ವರ್ಷದಲ್ಲಿ ಸಿಕ್ಕಿರಲಿಲ್ಲ. ಆಣೆ ಉಳಿಸಿಕೊಂಡ ಗಂಡನೆಂದು ನಾಲ್ಕು ದಿನ ಕಾಫಿಗೆ ಸಕ್ಕರೆಯೂ ಹೆಚ್ಚು ಬಿತ್ತು.

ಐದನೆಯ ದಿನ ಅವಳು ಅಂಗಿ ಒಗೆಯಲು ತೆಗೆದುಕೊಂಡಳು. ನಾನು ಜಗಲಿಯಲ್ಲಿದ್ದೆ. ಹಿತ್ತಲಿನಲ್ಲಿ ಬಟ್ಟೆ ಕುಕ್ಕುವ ಸದ್ದು ನಿಂತಿತು. ಒದ್ದೆ ಕೈಯಲ್ಲಿ ಚೀಟಿ ಹಿಡಿದುಕೊಂಡು ಬಂದು ನನ್ನ ಮುಂದೆ ನಿಂತಳು. ಅವಳೇ ಕಲಿಸಿದ ದುಂಡನೆಯ ಅಕ್ಷರ, ಒಂದೂ ತಪ್ಪಿಲ್ಲ. ಬೇರೆ ದಾರಿಯಿಲ್ಲದೆ ನಡೆದದ್ದನ್ನೆಲ್ಲ ಒಪ್ಪಿಸಿದೆ. ಕೊಬ್ಬರಿ ರಾಶಿ, ನಾಲ್ಕು ನಾಲ್ಕು, ಚಪ್ಪಾಳೆ, ಏನನ್ನೂ ಬಿಡಲಿಲ್ಲ. ಅವಳು ಪೂರ್ತಿ ಕೇಳಿ ಆಮೇಲೆ ಬಾಯಿ ತೆರೆದಳು.

"ಓದೋಕೆ ಕಲಿಸಿದ್ದು ನಾನು. ತಪ್ಪು ಓದೋಕೆ ಯಾರು ಕಲಿಸಿದ್ರು?"

ಅವಳಿಗೆ ನಗು ಬಂತೋ ಸಿಟ್ಟು ಬಂತೋ ನೋಡೋಣವೆಂದರೆ ಮುಖ ತಿರುಗಿಸಿ ಒಳಗೆ ಹೋದಳು. ಮಗ್ಗದ ಒಂದು ಕಾಲು ನಾನು ಜೋಡಿಸಿದಂದಿನಿಂದ ಸ್ವಲ್ಪ ಅಲುಗುತ್ತಿತ್ತು. ಚೀಟಿಯನ್ನು ಎಂಟು ಮಡಿಕೆ ಮಾಡಿ ಆ ಕಾಲಿನ ಕೆಳಗೆ ಸಿಕ್ಕಿಸಿದಳು. ಅಲುಗುವುದು ನಿಂತಿತು.

ಲೆಕ್ಕಕ್ಕೆ ಹಿಡಿದರೆ ಐದು ಓಟು ಬಂದು ಗೆದ್ದವನು ನಾನೇ. ಆ ಆಟದ ಅಖಿಲ ಜಗತ್ತಿನ ನಿಜವಾದ ಅಧ್ಯಕ್ಷ ಯಾರೆಂಬುದು ಆಗಲೂ ಈಗಲೂ ಗೊತ್ತಿರುವುದು ಇಬ್ಬರಿಗೇ. ಒಬ್ಬ ನಾನು, ಹೊರಗೆ ಬಾಯಿ ಬಿಡುವಂತಿಲ್ಲ. ಇನ್ನೊಬ್ಬಳು ಗಿರಿಜ, ಮನೆಯೊಳಗೆ ಬಿಡದೆ ಇರುವುದಿಲ್ಲ. ಮಗ್ಗದ ಮುಂದೆ ಕೂತ ಕಡೆಯಿಂದಲೇ, "ಅಧ್ಯಕ್ಷರೇ, ನೂಲು ಮುಗೀತು" ಎಂದು ಕೂಗುತ್ತಾಳೆ. ನಾನು ಎದ್ದು ಹೋಗಿ ಸುತ್ತಿಕೊಡುತ್ತೇನೆ.