ಸ್ಪಾಸ್ ಮಾಡಿದ ಅಪ್‌ಡೇಟ್

“ಐದೇ ನಿಮಿಷ! ಇವತ್ತು ಈ ಕಂಪ್ಯೂಟರಿಗೆ ಕಾಯಕಲ್ಪ ಮಾಡಿಯೇ ಏಳೋದು!” ಎಂದು ಸ್ಪಾಸ್ ಅಂಗಿಯ ತೋಳು ಮಡಿಸಿದ.

ಬಲ್ಗೇರಿಯಾದ ಪ್ಲೊವ್ದಿವ್ ನಗರದ ಅರ್ಧದಷ್ಟು ಲಿಫ್ಟುಗಳ ಹೊಟ್ಟೆ ಬಗೆದು ನೋಡಿದ ಮೆಕ್ಯಾನಿಕ್ ಆತ. ಮನೆಯ ಹಳೆ ಕಂಪ್ಯೂಟರಿಗೆ ತಾನೇ ಲಿನಕ್ಸ್ ತಂತ್ರಾಂಶ ಹಾಕಿದ ದಿನದಿಂದಂತೂ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಹತ್ತು ಗಂಟೆಗೆ ನನ್ನ ಪರೀಕ್ಷಾ ಪಾಠ ಇದೆ ಮಾರಾಯ, ಅದನ್ನ ಮುಟ್ಟಬೇಡ,” ಎಂದಳು ಹೆಂಡತಿ ರುಮ್ಯಾನಾ.

ವಿದೇಶೀಯರಿಗೆ ಬಲ್ಗೇರಿಯನ್ ಕಲಿಸುವ ಶಾಲೆಯೊಂದಕ್ಕೆ ಮೂರು ವರ್ಷ ಅರ್ಜಿ ಹಾಕಿ ಹಾಕಿ, ಕೊನೆಗೂ ಅವಳಿಗೆ ಕರೆ ಬಂದಿತ್ತು. ಇಬ್ಬರು ಪರೀಕ್ಷಕರು ಆನ್‌ಲೈನಿನಲ್ಲಿ ಕೂತು ಪಾಠ ಕೇಳುವವರಿದ್ದರು.

“ಮುಟ್ಟದೇ ಇದ್ರೆ ಪಾಠದ ಮಧ್ಯೆ ಕೈಕೊಡುತ್ತೆ. ಜಾಗ್ರತೆ ಅಂದ್ರೇನು ಅಂತ ನನ್ನಿಂದ ಕಲಿ!” ಎಂದವನೇ, ಅಳಿಸಿಹೋಗದಿರಲೆಂದು ಹಳೆ ಫೋಟೋಗಳಿದ್ದ ಡಿಸ್ಕಿನ ವೈರನ್ನು ಕಿತ್ತು, ಡಿಸ್ಕನ್ನು ಕಪಾಟಿನಲ್ಲಿ ಭದ್ರವಾಗಿಟ್ಟ. ಆಮೇಲೆ ಅಪ್‌ಡೇಟ್ ಶುರು ಮಾಡಿದ. ಅದು ಬೆಣ್ಣೆಯಂತೆ ಸರಾಗವಾಗಿ ಮುಗಿಯಿತು. ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದ.

ಪರದೆ ಕಪ್ಪಾಯಿತು. ಬಿಳಿ ಅಕ್ಷರಗಳು ಸಾಲುಸಾಲಾಗಿ ಓಡಿ ಗಕ್ಕನೆ ನಿಂತವು. ಕೊನೆಯ ಸಾಲು ತೊಂಬತ್ತು ಸೆಕೆಂಡು ಎಣಿಸತೊಡಗಿತು. ಸ್ಪಾಸ್ ಎದ್ದ, ಕೂತ, ಮತ್ತೆ ಎದ್ದ. ತೊಂಬತ್ತು ಮುಗಿದದ್ದೇ ತಡ, ಕೆಂಪು ಬಣ್ಣದಲ್ಲಿ ‘ವಿಫಲ’! ಅದರ ಬೆನ್ನಿಗೇ ಇನ್ನೊಂದು ‘ವಿಫಲ’!

“ಏನಂತೆ?”

“ಯಾವುದೋ ಸೇವೆ ಶುರುವಾಗ್ಲಿಲ್ಲವಂತೆ.”

“ಈ ಮನೇಲಿ ಯಾವ ಸೇವೆ ತಾನೇ ಹೇಳಿದ ಹೊತ್ತಿಗೆ ಶುರುವಾಗಿದೆ? ಅಡುಗೆಮನೆ ನಲ್ಲಿ ಮಾರ್ಚಿಂದ ಸೋರ್ತಿದೆ!”

ಮೂರು ಸಲ ಆರಿಸಿ ಹಾಕಿದ. ಮೂರು ಸಲವೂ ಅದೇ ತೊಂಬತ್ತು ಸೆಕೆಂಡು, ಅದೇ ಕೆಂಪು ಅಕ್ಷರ! ಹತ್ತಕ್ಕೆ ಐದು ನಿಮಿಷವಿದ್ದಾಗ ರುಮ್ಯಾನಾ ತುಟಿಪಿಟಕ್ಕೆನ್ನದೆ ಫೋನ್ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅದರಲ್ಲೇ ಪಾಠ ಮಾಡಲೆಂದು ಅದನ್ನು ಮೊಸರಿನ ಡಬ್ಬಿಗೆ ಒರಗಿಸಿ, ಬಾಗಿಲು ಎಳೆದುಕೊಂಡಳು.

ಅವಳು ಬೈದಿದ್ದರೆ ಸ್ಪಾಸನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಮೌನ ಅವನನ್ನು ಕುದಿಸಿಬಿಟ್ಟಿತು.

“ಏಳು! ಎದ್ದೇಳು ಅಂದ್ನಲ್ಲ!” ಎಂದು ಯಂತ್ರದ ಮೇಲೆ ಗುಡುಗಿದ. ಬಿಳಿ ಅಕ್ಷರಗಳು ಮತ್ತೆ ಓಡತೊಡಗಿದವು. “ನಿಲ್ಲು! ಅಲ್ಲೇ ನಿಲ್ಲು! ಬಾಯಿ ಬಿಡು, ಏನಾಗಿದೆ ಹೇಳು!”

ಗಂಟಲು ಒಣಗಿದ ಮೇಲೆ ಬುದ್ಧಿ ಬಂತು. ಏನಾಗಿದೆಯೆಂದು ಯಂತ್ರ ಆಗಲೇ ಬರೆದಿಟ್ಟಿತ್ತಲ್ಲ! ಆ ದಾಖಲೆ ತೆಗೆಸಿ ಓದಿದ. ಪ್ರತಿ ಸಲ ಶುರುವಾಗುವಾಗ ಫೋಟೋ ಡಿಸ್ಕನ್ನು ಜೋಡಿಸಿಕೊಳ್ಳಲೇಬೇಕೆಂದು ಚಳಿಗಾಲದಲ್ಲಿ ಅಪ್ಪಣೆ ಬರೆದವನು ಅವನೇ. ಆ ಬಡಪಾಯಿ ಯಂತ್ರ ತೊಂಬತ್ತು ಸೆಕೆಂಡು ಡಿಸ್ಕಿಗಾಗಿ ಕಾದು, ಸಿಗದೆ ಕೈಚೆಲ್ಲುತ್ತಿತ್ತು. ಅಪ್‌ಡೇಟಿನದು ಎಳ್ಳಷ್ಟೂ ತಪ್ಪಿರಲಿಲ್ಲ!

ಕಪಾಟಿನಿಂದ ಡಿಸ್ಕ್ ತಂದು ಸಿಕ್ಕಿಸಿದ. ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟಿತು. ಗಂಟೆ ಹತ್ತೂಮುಕ್ಕಾಲು!

ಕಳ್ಳ ಹೆಜ್ಜೆಯಿಟ್ಟು ಅಡುಗೆಮನೆಗೆ ಹೋದರೆ, ರುಮ್ಯಾನಾ ಫೋನ್ ಕೆಳಗಿಟ್ಟು ಕಣ್ಣೊರೆಸಿಕೊಳ್ಳುತ್ತಿದ್ದಳು.

“ಅಳಬೇಡ ಕಣೇ. ತಪ್ಪೆಲ್ಲ ನನ್ನದೇ. ಡಿಸ್ಕ್ ಕಿತ್ತಿಟ್ಟು ನಾನೇ ಎಡವಟ್ಟು ಮಾಡಿದೆ.”

“ಅಳ್ತಿಲ್ಲ, ನಗ್ತಿದೀನಿ. ಕೆಲಸ ಸಿಕ್ತು!”

“ಸಿಕ್ತಾ! ಹೇಗೆ?”

“ಬಲ್ಗೇರಿಯನ್ನಲ್ಲಿ ಅಪ್ಪಣೆ ಕೊಡೋದು ಹೇಗೆ ಅನ್ನೋ ಪಾಠ ಕೊಟ್ಟಿದ್ರು. ಏಳು, ನಿಲ್ಲು, ಹೇಳು... ನಾನು ಬಾಯಿ ತೆಗೆಯೋ ಮುಂಚೆಯೇ ಗೋಡೆಯಾಚೆಯಿಂದ ಉದಾಹರಣೆ ಬರ್ತಿತ್ತು. ಅವರು ನಿನ್ನನ್ನ ನನ್ನ ಸಹಾಯಕ ಅಂದ್ಕೊಂಡ್ರು.”

ಸ್ಪಾಸನ ಎದೆ ಉಬ್ಬಿತು. “ಏನಂದ್ರು ನನ್ನ ಬಗ್ಗೆ?”

“ಉಚ್ಚಾರ ಬಹಳ ಸೊಗಸಾಗಿದೆಯಂತೆ. ಆದ್ರೆ ಪಾಪ, ಆ ಸಹಾಯಕರ ಮಾತನ್ನ ಯಾರೂ ಕೇಳೋ ಹಾಗೆ ಕಾಣಲ್ವಲ್ಲ ಅಂದ್ರು!”